ರಾತ್ರಿ ಸಿಟಿ ಬಸ್ ಪ್ರಯಾಣ: ಇಳಿಯುವ ನಿಲ್ದಾಣದಿಂದಲೇ ಯೋಜನೆ ಶುರುವಾಗಲಿ

ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಬಸ್ ಹತ್ತಬೇಕೆಂದಾಗ ಹೆಚ್ಚಿನವರು ಸಹಪ್ರಯಾಣಿಕರ ಬಗ್ಗೆ ಅಂಜುತ್ತಾರೆ. ಆದರೆ ದೀಪ ಉರಿಯುತ್ತಿರುವ, ಚಾಲಕರಿರುವ ಬಸ್ಸಿನೊಳಗಿಗಿಂತ ನಿಲ್ದಾಣದಲ್ಲಿ ಒಬ್ಬರೇ ಕಾಯುವಾಗ ಮತ್ತು ಇಳಿದು ನಡೆಯುವಾಗಲೇ ಹೆಚ್ಚು ಎಚ್ಚರ ಬೇಕು. ಆದ್ದರಿಂದ ಸಿದ್ಧತೆಯನ್ನು ಕೊನೆಯ ಹಂತದಿಂದ ಆರಂಭಿಸುವುದು ಲೇಸು.

ಇಳಿಯುವ ನಿಲ್ದಾಣದಿಂದ ತಂಗುವ ಜಾಗದವರೆಗಿನ ದಾರಿಯನ್ನು ಹಗಲಿನಲ್ಲೇ ಒಮ್ಮೆ ನಡೆದು ನೋಡಿ. ನಕ್ಷೆ ಹತ್ತಿರದ ದಾರಿಯನ್ನು ತೋರಿಸುತ್ತದೆಯೇ ಹೊರತು ಅಲ್ಲಿ ಬೀದಿದೀಪ ಉರಿಯುತ್ತದೆಯೇ ಎಂಬುದನ್ನಲ್ಲ. ಒಂದು ನಿಲ್ದಾಣ ಮುಂದೆ ಇಳಿದರೆ ಜನಸಂಚಾರವಿರುವ ಮುಖ್ಯರಸ್ತೆಯಲ್ಲೇ ಹೋಗಬಹುದು ಎಂದಾದರೆ, ನಡಿಗೆ ತುಸು ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳಿ.

ಅನಂತರ ವೇಳಾಪಟ್ಟಿ ನೋಡಿ. ರಾತ್ರಿ ಬಸ್ಸುಗಳ ಸಂಖ್ಯೆ, ಮಾರ್ಗ ಎರಡೂ ಬದಲಾಗಬಹುದು. ಮಧ್ಯರಾತ್ರಿ ಕಳೆದು 12.20ಕ್ಕೆ ಹೊರಡುವ ಬಸ್ಸನ್ನು ಕೆಲವು ಪಟ್ಟಿಗಳು ಹಿಂದಿನ ದಿನದ ಅಂಕಣದಲ್ಲೇ ತೋರಿಸುವುದರಿಂದ, ಶನಿವಾರ ರಾತ್ರಿ ಹೊರಟವರು ಭಾನುವಾರದ ಅಂಕಣ ನೋಡಿ ಮೋಸಹೋಗುವುದುಂಟು. ಕೊನೆಯ ಬಸ್ಸನ್ನು ನೆಚ್ಚಿ ಕೂರದೆ ಅದಕ್ಕೆ ಹಿಂದಿನದನ್ನೇ ಹಿಡಿಯಿರಿ. ತಪ್ಪಿದರೆ ಇನ್ನೊಂದಾದರೂ ಇರುತ್ತದೆ.

ಮೊಬೈಲ್ ಪೂರ್ತಿ ಚಾರ್ಜ್ ಆಗಿರಲಿ, ಊರಿನ ನಕ್ಷೆ ಅದರಲ್ಲಿ ಡೌನ್‌ಲೋಡ್ ಆಗಿರಲಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಟಿಕೆಟಿನ ಹಣವನ್ನು ಬೇರೆ ಜೇಬಿನಲ್ಲಿಟ್ಟರೆ ಎಲ್ಲರೆದುರು ಪರ್ಸ್ ಬಿಚ್ಚುವುದು ತಪ್ಪುತ್ತದೆ.

ಬಸ್ಸಿನಲ್ಲಿ ಚಾಲಕರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕಿಟಕಿ ಪಕ್ಕದ ಸೀಟಿಗಿಂತ ನಡುದಾರಿಯ ಅಂಚಿನದು ಮೇಲು, ಏಕೆಂದರೆ ಪಕ್ಕದವರ ವರ್ತನೆ ಸರಿಬರದಿದ್ದರೆ ಯಾರನ್ನೂ ದಾಟದೆ ಎದ್ದುಹೋಗಬಹುದು. ಬಾಗಿಲ ಪಕ್ಕದಲ್ಲಿ ಮೊಬೈಲ್ ಹಿಡಿದು ಕೂರಬೇಡಿ: ಬಾಗಿಲು ಮುಚ್ಚುವ ಕ್ಷಣದಲ್ಲಿ ಕಸಿದು ಜಿಗಿಯುವುದು ಕಳ್ಳರ ಹಳೆಯ ವರಸೆ. ಬ್ಯಾಗು ತೊಡೆಯ ಮೇಲಿರಲಿ, ಅದರ ಪಟ್ಟಿ ಕೈಗೆ ಸುತ್ತಿರಲಿ.

ರಾತ್ರಿ ಒಳಗಿನ ಬೆಳಕಿಗೆ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಹೊರಗಿನ ಫಲಕವಲ್ಲ. ಎರಡೂ ಅಂಗೈಗಳನ್ನು ಕಣ್ಣಿನ ಪಕ್ಕ ಮರೆಮಾಡಿ ಗಾಜಿಗೆ ಆನಿಸಿದರೆ ಹೊರಗಿನದು ಕಾಣುತ್ತದೆ. ಆದರೂ ನಕ್ಷೆಯಲ್ಲಿ ನಿಲ್ದಾಣಗಳನ್ನು ಎಣಿಸುತ್ತ ಹೋಗುವುದೇ ಭರವಸೆಯ ದಾರಿ. ಕೆಲವು ನಗರಗಳಲ್ಲಿ ರಾತ್ರಿ ಒಂಟಿಯಾಗಿರುವವರು ಎರಡು ನಿಲ್ದಾಣಗಳ ನಡುವೆಯೂ ಇಳಿಸುವಂತೆ ಕೇಳಬಹುದು. ಕೆನಡಾದ ಟೊರಾಂಟೊದಲ್ಲಿ 1991ರಿಂದಲೇ ಈ ವ್ಯವಸ್ಥೆ ಇದೆ. ಇಂಥ ಸೌಲಭ್ಯವಿದೆಯೇ ಎಂದು ಹತ್ತುವಾಗಲೇ ವಿಚಾರಿಸಿ.

ಯಾರಾದರೂ ಹಿಂಬಾಲಿಸುವ ಅನುಮಾನ ಬಂದರೆ ಇಳಿಯದೆ ಚಾಲಕರಿಗೆ ತಿಳಿಸಿ. ಸಂಕೋಚಕ್ಕೆ ಇದು ಹೊತ್ತಲ್ಲ. ಆಗಲೇ ಇಳಿದಿದ್ದರೆ ತಂಗುವ ಜಾಗದತ್ತ ಹೆಜ್ಜೆ ಹಾಕಿ ಅದರ ಗುರುತು ಕೊಡಬೇಡಿ. ತೆರೆದಿರುವ ಅಂಗಡಿಯನ್ನೋ ಆಸ್ಪತ್ರೆಯನ್ನೋ ಹೊಕ್ಕು ಅಲ್ಲಿಂದ ಪೊಲೀಸರಿಗೆ ಕರೆ ಮಾಡಿ. ಭಾರತದಲ್ಲೂ ಐರೋಪ್ಯ ಒಕ್ಕೂಟದ ದೇಶಗಳಲ್ಲೂ ತುರ್ತು ಸಂಖ್ಯೆ 112. ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ಸಂಖ್ಯೆಯನ್ನು ಹೊರಡುವ ಮುನ್ನವೇ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕು.