ಹಳೇ ಬೆಳ್ಳಿ ರೂಪಾಯಿಗೆ ಗ್ರೇಡಿಂಗ್ ಮಾಡಿಸಬೇಕಾ? ಹೀಗೆ ನಿರ್ಧರಿಸಿ

ಅಜ್ಜಿಯ ಟ್ರಂಕಿನಲ್ಲೋ ದೇವರ ಮನೆಯ ಡಬ್ಬಿಯಲ್ಲೋ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸಿಗುವುದು ನಮ್ಮ ಕಡೆ ಅಪರೂಪವೇನಲ್ಲ. ಸಿಕ್ಕ ಕೂಡಲೇ ಎಲ್ಲರೂ ಕೇಳುವುದು, ‘ಇದಕ್ಕೆ ಎಷ್ಟು ಬರುತ್ತೆ?’ ಒಂದೇ ಇಸವಿಯ ಎರಡು ರೂಪಾಯಿಗಳಲ್ಲಿ ಒಂದು ಬರೀ ಬೆಳ್ಳಿ ರೇಟಿಗೆ ಹೋಗಬಹುದು, ಇನ್ನೊಂದಕ್ಕೆ ಅದರ ಎಷ್ಟೋ ಪಟ್ಟು ಸಿಗಬಹುದು. ಅಷ್ಟು ವ್ಯತ್ಯಾಸ ಬರುವುದು ನಾಣ್ಯದ ಸ್ಥಿತಿಯಿಂದ. ಆ ಸ್ಥಿತಿಯನ್ನು ಪರೀಕ್ಷಿಸಿ ಅಂಕ ಕೊಡುವುದೇ ಗ್ರೇಡಿಂಗ್.

ಮೊದಲ ಕೆಲಸ, ನಾಣ್ಯವನ್ನು ಉಜ್ಜದೇ ಇರುವುದು. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಟಂಕಸಾಲೆಯಲ್ಲಿ ಅಚ್ಚು ಒತ್ತಿದಾಗ ಬೆಳ್ಳಿ ಅಂಚಿನ ಕಡೆಗೆ ಹರಡಿ, ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡಿರುತ್ತವೆ. ದೀಪದ ಕೆಳಗೆ ನಾಣ್ಯ ತಿರುಗಿಸಿದರೆ ಬೆಳಕಿನ ಪಟ್ಟಿಯೊಂದು ಸುತ್ತು ಹಾಕುವುದು ಈ ಗೆರೆಗಳಿಂದಲೇ. ಒಮ್ಮೆ ಉಜ್ಜಿದರೆ ಅವು ಹೋದವು, ಮತ್ತೆ ಬರುವುದಿಲ್ಲ. ಅಂಥ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿ ಸಾಮಾನ್ಯವಾಗಿ ಅಂಕವನ್ನೇ ಕೊಡದೆ, ‘ತೊಳೆದದ್ದು’ ಅಂತ ಷರಾ ಬರೆಯುತ್ತದೆ. ಕಾಸಿನ ಸರಕ್ಕೆ ಕೊಂಡಿ ಬೆಸೆದಿದ್ದ ನಾಣ್ಯಕ್ಕೂ ಇದೇ ಗತಿ. ನೂರು ವರ್ಷದಲ್ಲಿ ಕಟ್ಟಿದ ಕಪ್ಪು ಬಣ್ಣ ಕೊಳೆಯಲ್ಲ, ಅದನ್ನು ಇದ್ದ ಹಾಗೇ ಬಿಡಿ. ಎಷ್ಟೊಂದು ಒಳ್ಳೆಯ ರೂಪಾಯಿಗಳು ಹಬ್ಬದ ಹಿಂದಿನ ದಿನದ ತಿಕ್ಕಾಟದಲ್ಲಿ ಹಾಳಾಗಿವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ನಾಣ್ಯ ಯಾವುದು ಅಂತ ಗುರುತಿಸಿ. ಅಂಚನ್ನು ಹಿಡಿದು ಎತ್ತಿ, ಇಸವಿ ನೋಡಿ, ತೂಕ ಹಾಕಿಸಿ. ಆ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಮ್ಮಿ ಬರಬಹುದು. 1911ರ ರೂಪಾಯಿ ಸಿಕ್ಕರೆ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಭೂತಗನ್ನಡಿ ಇಟ್ಟು ನೋಡಿ. ಅಲ್ಲೊಂದು ಪುಟ್ಟ ಆನೆ ಇದೆ. ಅದು ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಸಿಟ್ಟಾದರು. ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. ಸಂಗ್ರಹಕಾರರು 1911ರ ಆ ನಾಣ್ಯವನ್ನು ಇವತ್ತಿಗೂ ‘ಪಿಗ್ ರುಪೀ’ ಅಂತಲೇ ಕರೆಯುತ್ತಾರೆ.

ಇನ್ನು ಸ್ಥಿತಿ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿಯಿರಿ. ಮೊದಲು ಸವೆಯುವುದು ಎತ್ತರದ ಜಾಗಗಳು: ಕಿರೀಟ, ಕಿವಿ, ಮೀಸೆ. ಅಲ್ಲಿ ಹೊಳಪು ಮಂಕಾಗಿದ್ದರೆ ನಾಣ್ಯ ಕೈಯಿಂದ ಕೈಗೆ ಓಡಾಡಿದೆ ಅಂತಲೇ ಅರ್ಥ.

ಅಂಕ 1ರಿಂದ 70ರವರೆಗೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೇ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ ಲೆಕ್ಕ ಅದು. 60ರಿಂದ ಮೇಲಿನದು ಚಲಾವಣೆಗೇ ಬಾರದ ನಾಣ್ಯ, ಅದಕ್ಕೆ ‘ಎಂಎಸ್’ (ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯಿಂದ ಬಂದ ಸ್ಥಿತಿ) ಅಂತ ಗುರುತು. ಅಮೆರಿಕದ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಇದನ್ನೇ ದೊಡ್ಡ ಮಟ್ಟದ ಸೇವೆಯಾಗಿ ಶುರು ಮಾಡಿದವು. ಒಬ್ಬರಿಗಿಂತ ಜಾಸ್ತಿ ಪರೀಕ್ಷಕರು ನೋಡಿ ಅಂಕ ಒಪ್ಪಿದ ಮೇಲೆ, ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸೀಲ್ ಮಾಡುತ್ತಾರೆ. ಅದೇ ಸ್ಲ್ಯಾಬ್.

ಬೆಲೆ ಏರುವುದು ಎರಡು ಕಾರಣಕ್ಕೆ. ಒಂದು, ಅಸಲಿ ಅನ್ನುವ ಭರವಸೆ. 1939ರ ರೂಪಾಯಿ ತುಂಬಾ ಅಪರೂಪ, ಹಾಗಾಗಿ ನಕಲಿಗಳ ಕಾಟವೂ ಇದೆ. ಸ್ಲ್ಯಾಬ್ ಇಲ್ಲದ 1939 ಕಂಡರೆ ಕೊಳ್ಳುವವರು ಅನುಮಾನಿಸುವುದು ಸಹಜ, ಅಲ್ವಾ? ಇನ್ನೊಂದು, ಮೇಲಿನ ಅಂಕಗಳ ಪೈಪೋಟಿ. ಎಂಎಸ್ 62ಕ್ಕೂ 65ಕ್ಕೂ ಬರಿಗಣ್ಣಿಗೆ ಅಷ್ಟೇನೂ ಫರಕು ಕಾಣದು, ಬೆಲೆಯಲ್ಲಿ ಮಾತ್ರ ದೊಡ್ಡ ಜಿಗಿತ ಇರುತ್ತದೆ. ಆದರೆ ಸವೆದ, ಎಲ್ಲೆಂದರಲ್ಲಿ ಸಿಗುವ ರೂಪಾಯಿಗೆ ಗ್ರೇಡಿಂಗ್ ಸುಮ್ನೆ ಖರ್ಚು. ಶುಲ್ಕ, ಸಾಗಣೆ, ವಿಮೆ ಎಲ್ಲ ಕೂಡಿಸಿದರೆ ನಾಣ್ಯದ ಬೆಲೆಯನ್ನೇ ದಾಟೀತು.

ಕಳಿಸುವ ಮುಂಚೆ ಕಾನೂನು ನೋಡಲೇಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದಮೇಲೆ ನಿಮ್ಮ ಪಿಗ್ ರುಪೀ ಅಮೆರಿಕದ ಲ್ಯಾಬಿಗೆ ಹೋಗುವ ಹಾಗಿಲ್ಲ. ಅದನ್ನು ಇಲ್ಲಿನ ಅನುಭವಿ ಸಂಗ್ರಹಕಾರರಿಗೆ ತೋರಿಸಿ. ಮಾರುವುದಾದರೆ ಇಲ್ಲಿನ ನಾಣ್ಯ ಹರಾಜು ಸಂಸ್ಥೆಗಳ ಮೂಲಕವೇ ಮಾರಿ. ಆರ್‌ಬಿಐ ಹೆಸರು ಹೇಳಿ ‘ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ’ ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ಇಂಥ ಮೋಸದ ಬಗ್ಗೆ ಆರ್‌ಬಿಐ 2021ರಲ್ಲೇ ಎಚ್ಚರಿಸಿದೆ.

ಸ್ಲ್ಯಾಬ್ ಆದ ನಾಣ್ಯವನ್ನು ನೀವೇ ಕೊಳ್ಳುವುದಾದರೆ, ಅದರ ಮೇಲಿನ ಸರ್ಟಿಫಿಕೇಟ್ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅಲ್ಲಿ ಫೋಟೊ ಇದ್ದರೆ ಗೀರು, ಕಲೆ, ಬಣ್ಣ ಎಲ್ಲವನ್ನೂ ಕೈಲಿರುವ ನಾಣ್ಯದ ಜತೆ ಹೋಲಿಸಿ. ಸ್ಲ್ಯಾಬ್‌ಗಳಲ್ಲೂ ನಕಲಿ ಇವೆ. ಸಂಖ್ಯೆ ಹೊಂದಿದರೂ ಗೀರು ಹೊಂದದಿದ್ದರೆ ದುಡ್ಡು ಕೊಡಬೇಡಿ.