ನಾರ್ವೆಯ ಮೋಟರ್‌ಹೋಮ್ ಪ್ರವಾಸದಲ್ಲಿ ಮೀನುಗಾರಿಕೆ: ಪರವಾನಗಿಯನ್ನು ಯಾವಾಗ ಪಡೆಯಬೇಕು?

ಮೋಟರ್‌ಹೋಮ್‌ನಲ್ಲಿ ನಾರ್ವೆ ಸುತ್ತುತ್ತಾ ಮೀನು ಹಿಡಿಯಬಯಸುವವರು ಊರಿಂದೂರಿಗೆ ಸಾಗುವ ದಿನಗಳಿಗೆ ಸಮುದ್ರ ತೀರವನ್ನೂ ಒಂದೇ ಕಡೆ ತಂಗುವ ದಿನಗಳಿಗೆ ನದಿ, ಸರೋವರಗಳನ್ನೂ ಮೀಸಲಿಡಿ. ಸಿಹಿನೀರಿನ ಪರವಾನಗಿಯನ್ನು ತಂಗುವ ಜಾಗ ಖಚಿತವಾದ ಮೇಲೆಯೇ ಕೊಳ್ಳಿ. ನಾರ್ವೆಯಲ್ಲಿ ಸಮುದ್ರದಲ್ಲಿ ಗಾಳ ಹಾಕಲು ಪ್ರವಾಸಿಗರಿಗೂ ಪರವಾನಗಿ ಬೇಕಿಲ್ಲ, ಆದರೆ ಸಿಹಿನೀರಿನ ಹಕ್ಕು ಭೂಮಾಲೀಕರದ್ದಾದ್ದರಿಂದ ಒಂದು ಪ್ರದೇಶದ ಪರವಾನಗಿ ಪಕ್ಕದ ಕಣಿವೆಯಲ್ಲಿ ನಡೆಯದೆ ಹೋಗಬಹುದು. ಮಾರ್ಗ ಬದಲಾದರೆ ಹಣ ವ್ಯರ್ಥ. ಹೆಸರಾಂತ ಸಾಲ್ಮನ್ ನದಿಗಳಿಗೆ ಮಾತ್ರ ಈ ಉಪಾಯ ಸಲ್ಲದು: ಅವುಗಳ ಪರವಾನಗಿಗಳು ಸೀಮಿತವಾಗಿದ್ದು ಬಹಳ ಮುಂಚೆಯೇ ಮಾರಾಟವಾಗುತ್ತವೆ, ಮೇಲಾಗಿ 18 ವರ್ಷ ತುಂಬಿದವರು ಸರ್ಕಾರಿ ಶುಲ್ಕವನ್ನೂ ಪ್ರತ್ಯೇಕವಾಗಿ ಕಟ್ಟಬೇಕು. ಅಂಥ ನದಿಗಿಳಿಯುವ ಮುನ್ನ ಗಾಳ, ಬಲೆ, ಬೂಟುಗಳನ್ನು ಸೋಂಕುರಹಿತಗೊಳಿಸುವ ಕೇಂದ್ರಕ್ಕೆ ಒಯ್ದು ಪ್ರಮಾಣಪತ್ರ ಪಡೆಯಲು ಅರ್ಧ ದಿನವನ್ನಾದರೂ ಬಿಡುವಾಗಿಟ್ಟುಕೊಳ್ಳಿ. ಗೈರೋಡ್ಯಾಕ್ಟಿಲಸ್ ಸಲಾರಿಸ್ ಎಂಬ ಪರಾವಲಂಬಿ ಒದ್ದೆ ಸಲಕರಣೆಯ ಮೂಲಕ ಹರಡಿ ನದಿಯೊಂದರ ಸಾಲ್ಮನ್ ಸಂತತಿಯನ್ನೇ ನಾಶಮಾಡಬಲ್ಲದು, ಆದ್ದರಿಂದ ಇದನ್ನು ದಯವಿಟ್ಟು ಯಾರೂ ಹಗುರವಾಗಿ ಕಾಣಬಾರದು. ಮೀನುಗಾರಿಕೆಯ ಪರವಾನಗಿಯಿಂದ ದಡದಲ್ಲಿ ವಾಹನ ನಿಲ್ಲಿಸಿ ರಾತ್ರಿ ಕಳೆಯುವ ಅನುಮತಿ ದೊರೆಯುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ವಿಚಾರಿಸಿಕೊಳ್ಳಿ.