ಹಾಕ್ಕೊಳ್ಳೋಕಾ, ಗೋಡೆಗಾ? ಮುಖವಾಡ ಮಾಡಿ ಮಾರುವ ನನ್ನ ಅನುಭವ

ಮುಖವಾಡ ಬೇಕು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಮಾತು: "ಹಾಕ್ಕೊಳ್ಳೋಕಾ, ಗೋಡೆಗಾ?" ಇವೆರಡೂ ಬೇರೆ ಬೇರೆ ಸಾಮಾನು. ಗೋಡೆಯದು ಸ್ವಲ್ಪ ಭಾರವಾದರೂ ಮೊಳೆ ತಡೆಯುತ್ತದೆ. ಹಾಕಿಕೊಳ್ಳುವುದಾದರೆ ಹಗುರ ಇರಬೇಕು, ಉಸಿರಾಡಲು ಜಾಗ ಬೇಕು, ಎದುರಿಗೆ ಇರುವವರು ಕಾಣಬೇಕು. ಫೋಟೋ ಕಳಿಸಿ "ಸೇಮ್ ಹಿಂಗೇ ಬೇಕು" ಅನ್ನುವವರು ಇದನ್ನು ಹೇಳುವುದೇ ಇಲ್ಲ. ನಾವೇ ಕೇಳಬೇಕು.

ನಾನಿರುವುದು ಶಿರಸಿಯಲ್ಲಿ. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆದಮೇಲೆ ಮತ್ತು ರವಿವಾರ ಮುಖವಾಡದ ಕೆಲಸ.

ಅಚ್ಚಿಗೆ ಜೇಡಿಮಣ್ಣು ಬೇಕು. ಗಣಪತಿ ಮಾಡುವವರ ಹತ್ತಿರ ಹದ ಮಾಡಿದ ಮಣ್ಣೇ ಸಿಗುತ್ತದೆ. ಅಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ಅಂಟಿನಲ್ಲಿ ಅದ್ದಿದ ಕಾಗದ ಹಚ್ಚುತ್ತಾ ಹೋಗುತ್ತೇನೆ. ಕಾಗದವನ್ನು ಕೈಯಲ್ಲೇ ಹರಿಯಬೇಕು. ಹರಿದ ಅಂಚು ಒಂದರೊಳಗೊಂದು ಕೂಡಿಕೊಳ್ಳುತ್ತದೆ, ಕತ್ತರಿ ಹಾಕಿದ ಅಂಚು ಗೆರೆಯಾಗಿ ಉಳಿಯುತ್ತದೆ. ಒಂದು ಪದರ ಪೇಪರು, ಅದರ ಮೇಲೆ ಒಂದು ಪದರ ಕಂದು ಕಾಗದ. ಹೀಗೆ ಬದಲಿಸಿದರೆ ಎಲ್ಲಿ ಬಿಟ್ಟುಹೋಗಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಆರು ಪದರ ಸಾಕು.

ಮೈದಾ ಅಂಟು ಅಗ್ಗ, ಆದರೆ ಹುಳಕ್ಕೆ ಊಟ. ಅಡಿಕೆ ತೋಟದ ಮನೆಗಳಲ್ಲಿ ಕೊಳೆರೋಗದ ಔಷಧಿಗೆ ಅಂತ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ದೇ ಇರುತ್ತದಲ್ವಾ, ಅದನ್ನು ಒಂದು ಚಿಟಿಕೆ ಹಾಕಿದರೆ ಹುಳ ಹತ್ತಿರ ಬರುವುದಿಲ್ಲ. ಆದರೆ ತುತ್ತ ವಿಷ. ಗೋಡೆಯ ಮುಖವಾಡಕ್ಕೆ ಮಾತ್ರ ಹಾಕುತ್ತೇನೆ, ಅದೂ ಕೈಗೆ ಗ್ಲೌಸ್ ಹಾಕಿಕೊಂಡು. ಮುಖಕ್ಕೆ ತಾಗುವುದಕ್ಕೆ ಫೆವಿಕಾಲನ್ನೇ ನೀರು ಮಾಡಿಕೊಂಡು ಬಳಸುತ್ತೇನೆ. ಖರ್ಚು ಜಾಸ್ತಿಯಾದರೆ ಆಗಲಿ.

ಘಟ್ಟದ ಮಳೆಯಲ್ಲಿ ಹೊಸ ಮುಖವಾಡ ಕಟ್ಟುವ ಕೆಲಸವನ್ನೇ ನಾನು ಇಟ್ಟುಕೊಳ್ಳುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೂಸಲು ಹಿಡಿದಿರುತ್ತದೆ. ಬಚ್ಚಲೊಲೆಯ ಹತ್ತಿರ ಇಟ್ಟರೆ ಒಂದು ಕೆನ್ನೆ ಸೊಟ್ಟಗಾಗುತ್ತದೆ. ಏಪ್ರಿಲ್, ಮೇನಲ್ಲೇ ಬೋಳು ಮುಖಗಳನ್ನು ಮಾಡಿ ಅಟ್ಟದಲ್ಲಿ ಇಟ್ಟುಬಿಡುತ್ತೇನೆ. ಮಳೆಗಾಲ ಪೂರ್ತಿ ಬಣ್ಣದ ಕೆಲಸ.

ಬಣ್ಣಕ್ಕೆ ಮೊದಲು ಚಾಕ್ ಪುಡಿ, ಫೆವಿಕಾಲ್ ಕಲಸಿ ಎರಡು ಕೋಟು. ಒಣಗಿದ ಮೇಲೆ 120 ನಂಬರಿನ ಸ್ಯಾಂಡ್ ಪೇಪರು, ಆಮೇಲೆ 220. ಬಣ್ಣ ಅಕ್ರಿಲಿಕ್.

ಜಾಸ್ತಿ ಬರುವ ಆರ್ಡರು ಯಕ್ಷಗಾನದ್ದು. ಯಕ್ಷಗಾನದಲ್ಲಿ ವೇಷಧಾರಿ ಮುಖದ ಮೇಲೇ ಬಣ್ಣ ಬರೆದುಕೊಳ್ಳುತ್ತಾನೆ, ಮುಖವಾಡ ಅಪರೂಪ. ಹಾಗಾಗಿ ನಾವು ಮಾಡುವುದು ವೇಷದ ಚಿತ್ರ ಅಷ್ಟೇ, ಗೋಡೆಗೆ. ಆದರೂ ನಮ್ಮ ಕಡೆಯವರ ಕಣ್ಣು ಬಹಳ ಸೂಕ್ಷ್ಮ. ಬಡಗು, ತೆಂಕು ಅಂತ ಯಕ್ಷಗಾನದಲ್ಲಿ ಎರಡು ಶೈಲಿ; ಬಡಗಿನ ಕೇದಗೆ ಮುಂದಲೆ ಅನ್ನುವ ತಲೆಕಟ್ಟು ಬೇಕು ಅಂದವರಿಗೆ ತೆಂಕಿನ ಕಿರೀಟ ಕೊಟ್ಟರೆ ವಾಪಸ್ ಬಂತು ಅಂತಲೇ ಲೆಕ್ಕ. ಮೊದಲೇ ಪೆನ್ಸಿಲ್ ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿ, "ಅಡ್ಡಿಲ್ಲೆ" ಅನ್ನಿಸಿಕೊಂಡೇ ಮುಂದೆ ಹೋಗುತ್ತೇನೆ.

ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರದ ಮುಖದ ಚಿಟ್ಟಿ ನನಗೆ ಬಹಳ ಇಷ್ಟದ ಕೆಲಸ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾರೆ. ನಾನು ಚಾಕ್ ಪುಡಿ, ಫೆವಿಕಾಲನ್ನು ದೋಸೆ ಹಿಟ್ಟಿಗಿಂತ ಗಟ್ಟಿ ಕಲಸಿ ಮೆಹಂದಿ ಕೋನಿಗೆ ತುಂಬುತ್ತೇನೆ. ಹುಬ್ಬಿನ ಮೇಲಿಂದ ಶುರು. ಕೋನನ್ನು ಒತ್ತಿ, ಒತ್ತುವುದನ್ನು ನಿಲ್ಲಿಸಿ, ಆಮೇಲೆ ಮೇಲಕ್ಕೆ ಎಳೆಯಬೇಕು. ಆಗ ತುದಿ ಚೂಪಾಗುತ್ತದೆ. ಒತ್ತುತ್ತಲೇ ಎಳೆದರೆ ಬಾಲ ಬರುತ್ತದೆ. ಒಂದು ಸಾಲು ಒಣಗುವವರೆಗೆ ಪಕ್ಕದ ಸಾಲಿಗೆ ಕೈ ಹಾಕುವಂತಿಲ್ಲ. ಫ್ಯಾನ್ ಬಂದ್.

ಹಾಕಿಕೊಳ್ಳುವ ಮುಖವಾಡದಲ್ಲಿ ದೊಡ್ಡ ಕಣ್ಣು ಬರೆದಿದ್ದರೆ ಅದಕ್ಕೇ ತೂತು ಕೊರೆಯಬೇಡಿ, ಚಂದ ಹಾಳು. ಬರೆದ ಕಣ್ಣಿನ ಕೆಳಗಿನ ಕಪ್ಪು ಗೆರೆಯಲ್ಲಿ ಸೀಳು ಬಿಡಿ. ದೊಡ್ಡವರಿಗೆ ಒಂದು ಸೀಳಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಆರು, ಆರೂವರೆ ಸೆಂಟಿಮೀಟರ್ ಅಂತರ ಸರಿಹೋಗುತ್ತದೆ.

ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಇಲ್ಲಿ ಬೇಡರ ವೇಷ ಅನ್ನುವ ಜಾನಪದ ಕುಣಿತ. ನೋಡಿ ಹೋದವರು ಆ ಮೀಸೆ, ಆ ಉರಿಗಣ್ಣಿನ ಮುಖ ಬೇಕು ಅಂತಾರೆ. ಹಿಂದೆ ನವಿಲುಗರಿಯೂ ಬೇಕು. ಊರಿನವರಿಗಾದರೆ ತಾನಾಗಿ ಉದುರಿದ ಗರಿ ಸಿಕ್ಕಿದರೆ ಹಾಕಬಹುದು. ವಿದೇಶದಲ್ಲಿರುವ ಮಗನಿಗೆ ಕಳಿಸುತ್ತೇವೆ ಅಂದರೆ ಬೇಡ ಅಂತೇನೆ, ನವಿಲುಗರಿ ರಫ್ತಿಗೆ ನಿಷೇಧ ಇದೆ. ರಟ್ಟಿನ ಮೇಲೆ ಗರಿ ಬರೆದು ಕೊಡುತ್ತೇನೆ.

ಈಗ ದುಡ್ಡಿನ ಮಾತು. "ಕಾಗದದ್ದಲ್ವಾ, ಇಷ್ಟ್ಯಾಕೆ?" ಅನ್ನುವವರು ಇದ್ದೇ ಇದ್ದಾರೆ. ಸಾಮಾನಿಗೆ 150 ರೂಪಾಯಿ, ಡಬ್ಬಿಗೆ 50. ಕೈಕೆಲಸ ಎಂಟು ತಾಸು, ತಾಸಿಗೆ 150. ಒಟ್ಟು 1,400. ತೋಟದ ಕೆಲಸಕ್ಕೆ ಸಂಬಳ ಕೊಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಿದರೆ ಸಾಕು, ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ. ಅರ್ಧ ದುಡ್ಡು ಮೊದಲೇ. ನೆಂಟರಿಗೂ ಅಷ್ಟೇ.

ಕೊರಿಯರ್ ಖರ್ಚು ಬೇರೆ. ಮುಖವಾಡ ಕಾಲು ಕಿಲೋ ಇರಬಹುದು, ಆದರೆ ಕೊರಿಯರಿನವರು ಡಬ್ಬಿಯ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸುತ್ತಾರೆ. 30, 25, 15 ಸೆಂಟಿಮೀಟರಿನ ಡಬ್ಬಿ ಅಂದರೆ ಎರಡೂಕಾಲು ಕಿಲೋದ ದರ! ಅದಕ್ಕೇ ಕಿರೀಟವನ್ನು ಬಿಚ್ಚಿ ಜೋಡಿಸುವಂತೆ ಮಾಡಲು ಶುರು ಮಾಡಿದೆ. ಕಾರವಾರ, ಹುಬ್ಬಳ್ಳಿ ಆದರೆ ಬಸ್ಸಿನ ಪಾರ್ಸೆಲ್ಲೇ ಅನುಕೂಲ.

ಡಿಸೆಂಬರ್ ಬಂದರೆ ಶಾಲೆಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. "ತಂಗೀ, ಹುಲಿ, ಮಂಗ, ನರಿ ಎಲ್ಲ ಸೇರಿ ಮೂವತ್ತು ಬೇಕು, ಒಂದಕ್ಕೆ ನೂರರೊಳಗೆ ಮಾಡ್ಕೊಡು" ಅಂತ ಮಾಸ್ತರು ಬರುತ್ತಾರೆ. ನೂರಕ್ಕೆ ಕಾಗದದ್ದು ಆಗುವುದಿಲ್ಲ. ಅಡಿಕೆ ಮರದಿಂದ ಉದುರುವ ಹಾಳೆ ಇದೆಯಲ್ಲ, ಅದನ್ನು ಬಳಸುತ್ತೇನೆ. ರಾತ್ರಿ ನೀರಲ್ಲಿ ನೆನೆಸಿ, ಅಚ್ಚಿನ ಮೇಲೆ ಬಗ್ಗಿಸಿ ಕಟ್ಟಿ ಒಣಗಿಸಿದರೆ ಮುಖದ ಆಕಾರ ಬರುತ್ತದೆ. ಒಳಮೈ ನುಣುಪು, ಸ್ವಲ್ಪ ಉಜ್ಜಿದರೆ ಬಣ್ಣ ಕೂರುತ್ತದೆ. ಮಕ್ಕಳಿಗೆ ಇಲಾಸ್ಟಿಕ್ ಬೇಡ, ಅಗಲ ಲಾಡಿ ಹಾಕಿ, ಕಿವಿ ಕೊರೆಯುವುದಿಲ್ಲ. ಒಳಗೆ ಮಗುವಿನ ಹೆಸರನ್ನೂ ಬರೆದು ಕೊಡುತ್ತೇನೆ. ಇಲ್ಲದಿದ್ದರೆ ಸ್ಟೇಜಿನ ಹಿಂದೆ ಹುಲಿಗಳದ್ದೇ ಜಗಳ.